ಹತ್ತು ಕಿಲೋಗೆ ಒಂದು ಚಮಚ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇರೆಯವರ ಬಾಯಿಂದ ನೀವು ಕೇಳುವುದು ಬೇಡ. ನಮ್ಮ ಮನೆಯಲ್ಲಿ ನಾಯಿಗೆ ತಂದ ಪುಡಿಯನ್ನು ಮಾವ ತಿನ್ನುತ್ತಿದ್ದರು. ತಲೆ ಕೆಟ್ಟು ಅಲ್ಲ, ಹೊಟ್ಟೆಗಿಲ್ಲದೆಯೂ ಅಲ್ಲ. ತೂಕ ನೋಡಿ, ಚಮಚದ ಮೇಲಿನದನ್ನು ಸವರಿ ಸಮ ಮಾಡಿ ತಿನ್ನುತ್ತಿದ್ದರು. ತಮ್ಮ ಮರೆವು ನಮ್ಮ ಕಣ್ಣಿಗೆ ಬೀಳುವ ಮೊದಲೇ ಸದ್ದಿಲ್ಲದೆ ವಾಸಿಯಾಗಿಬಿಡಲಿ ಅನ್ನುವುದು ಅವರ ಆಸೆ. ಅದು ನನಗೆ ಅರ್ಥವಾಗುವ ಹೊತ್ತಿಗೆ ಆಡಬಾರದ್ದನ್ನೆಲ್ಲ ನಾನು ಆಡಿ ಮುಗಿಸಿದ್ದೆ.

ನಾಯಿಯ ಹೆಸರು ಪೇದೆ. ಗೇಟಿನ ಹತ್ತಿರ ಯಾರು ಬಂದರೂ ಅಡ್ಡಗಟ್ಟಿ ವಿಚಾರಣೆ ಮಾಡುತ್ತಿದ್ದುದಕ್ಕೆ ಮಾವನೇ ಇಟ್ಟ ಹೆಸರು. ಹದಿಮೂರು ವರ್ಷದ ಪ್ರಾಣಿ. ಹೋದ ಬೇಸಿಗೆಯ ಕೊನೆಗೆ ಅದು ಗೋಡೆಯ ಮೂಲೆಗೆ ಮುಖ ಮಾಡಿ ನಿಲ್ಲೋಕೆ ಶುರು ಮಾಡಿತು. ಉಂಡು ತಟ್ಟೆ ನೆಕ್ಕಿ, ಐದು ನಿಮಿಷಕ್ಕೆ ಮತ್ತೆ ಬಂದು ತಟ್ಟೆಯ ಮುಂದೆ ಕೂರುತ್ತಿತ್ತು. ಒರೆಸಿದ ನೆಲ ಆರುವ ಮೊದಲೇ ಉಚ್ಚೆ ಹೊಯ್ಯುತ್ತಿತ್ತು. ಒರೆಸುವವಳು ನಾನು, ಬೈಯುವವಳೂ ನಾನೇ.

ಮನೆಯಲ್ಲಿ ನಾವು ನಾಲ್ಕು ಜನ ಅಂತ ಹೆಸರಿಗೆ. ಗಂಡ ಲಾರಿ ಡ್ರೈವರು, ಹತ್ತು ದಿನಕ್ಕೊಂದು ಸಲ ಬಂದು ಎರಡು ದಿನ ನಿದ್ದೆ ಮಾಡಿ ಹೋಗುವವರು. ನಾನು ಬಿಸ್ಕತ್ತು ಫ್ಯಾಕ್ಟರಿಯ ಪ್ಯಾಕಿಂಗ್‌ನಲ್ಲಿ. ಎಂಟು ಗಂಟೆ ಮೆಶೀನಿನ ಗದ್ದಲ ಕೇಳಿ ಮನೆಗೆ ಬಂದರೆ ಚಮಚ ಬಿದ್ದ ಸದ್ದೂ ಸಹಿಸುವ ಹಾಗಿರುವುದಿಲ್ಲ. ಮಗಳಿಗೆ ಹದಿನಾರು, ಅವಳ ಕಿವಿಯಲ್ಲಿ ಸದಾ ಫೋನಿನ ಹಾಡು ಕೇಳುವ ಆ ಎರಡು ಗುಂಡಿ. ಇನ್ನು ಮಾವ. ಪೇಟೆಯಲ್ಲಿ ಎಲ್ಲರೂ ಅವರನ್ನು ತಕ್ಕಡಿ ಮೇಷ್ಟ್ರು ಅನ್ನುತ್ತಾರೆ. ಐವತ್ತು ವರ್ಷ ತಕ್ಕಡಿ ರಿಪೇರಿ ಮಾಡಿದವರು. ತಟ್ಟೆ, ಮುಳ್ಳು, ತೂಕದ ಬಟ್ಟು, ಅದರ ತುಕ್ಕು, ಇಷ್ಟೇ ಅವರ ಪ್ರಪಂಚ. ಒಂದು ಗುಲಗಂಜಿ ತೂಕ ಆಚೀಚೆ ಆದರೆ ಊಟ ಸೇರದ ಮನುಷ್ಯ.

ಗಂಡ ಆ ಸಲ ಬಂದಾಗ ಪೇದೆ ಹಲ್ಲು ಬಿಟ್ಟು ಗುರುಗುಟ್ಟಿತು.

"ನೋಡೇ, ನನ್ನ ಗುರುತೇ ಇಲ್ಲ ಇವನಿಗೆ! ಮರಿ ಇದ್ದಾಗ ಶರ್ಟೊಳಗೆ ಹಾಕ್ಕೊಂಡು ತಂದಿದ್ದು ನಾನು," ಅಂದರು.

"ಹತ್ತು ದಿನಕ್ಕೊಂದು ಸಲ ಬಂದ್ರೆ ನನಗೇ ಗುರುತು ಸಿಗಲ್ಲ, ಪಾಪ ಅದಕ್ಕೇನು," ಅಂದೆ. ತಮಾಷೆಗೆ ಅಂದದ್ದು. ಅವರು ನಗಲಿಲ್ಲ. ಅರ್ಧ ಊಟಕ್ಕೇ ಎದ್ದು ಹೋಗಿ ಮೆಟ್ಟಿಲ ಮೇಲೆ ಕೂತರು.

ಮರುದಿನವೇ ಪೇದೆಯನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆವು. ಮಾವನೂ ಬಂದರು. ಯಾವಾಗಿಂದ, ದಿನಕ್ಕೆ ಎಷ್ಟು ಸಲ, ನಿದ್ದೆ ಹೇಗೆ, ಊಟ ಹೇಗೆ ಅಂತ ಡಾಕ್ಟರಮ್ಮ ಕೇಳಿದ್ದಕ್ಕೆಲ್ಲ ನಾನು ಪಟಪಟ ಉತ್ತರ ಕೊಟ್ಟೆ. ಕ್ಯಾಲೆಂಡರಿನ ಹಿಂದೆ ಎಲ್ಲ ಬರೆದಿಟ್ಟಿದ್ದೆನಲ್ಲ.

"ಇದು ಮುಪ್ಪಿನ ಮರೆವು," ಅಂದರು ಡಾಕ್ಟರಮ್ಮ. "ವಯಸ್ಸಾದ ಹಾಗೆ ಮೈಯೊಳಗೂ ಮಿದುಳೊಳಗೂ ಒಂಥರಾ ತುಕ್ಕು ಹಿಡಿಯತ್ತೆ ಅಂತಿಟ್ಕೊಳ್ಳಿ. ಅದನ್ನ ತಡೆಯೋಕೆ ಈ ಪುಡಿ. ಅರಿಶಿನ, ದ್ರಾಕ್ಷಿ ಬೀಜ, ಒಂದೆರಡು ಸೊಪ್ಪು. ಆಂಟಿಆಕ್ಸಿಡೆಂಟ್ ಅಂತಾರೆ. ಊಟದಲ್ಲಿ ಕಲಸಿ ಕೊಡಿ. ಹತ್ತು ಕಿಲೋ ಮೈತೂಕಕ್ಕೆ ದಿನಕ್ಕೊಂದು ಚಮಚ."

ಮಾವ ಮುಂದೆ ಬಗ್ಗಿದರು. "ಹಿಡಿದ ತುಕ್ಕು ಹೋಗತ್ತಾ ಡಾಕ್ಟ್ರಮ್ಮಾ? ಇಲ್ಲ, ಮುಂದಕ್ಕೆ ಹಿಡಿಯಲ್ಲ ಅಷ್ಟೇನಾ?"

"ಹಿಡಿದಿದ್ದು ಹೋಗಲ್ಲ ಅಜ್ಜ. ಮುಂದೆ ಹಿಡಿಯೋದು ಸ್ವಲ್ಪ ನಿಧಾನ ಆಗಬಹುದು. ಕೆಲವು ನಾಯಿಗಳಿಗೆ ಗುಣ ಕಾಣತ್ತೆ, ಕೆಲವಕ್ಕೆ ಇಲ್ಲ. ನಾನು ಸುಳ್ಳು ಆಸೆ ಕೊಡಲ್ಲ. ಎರಡು ತಿಂಗಳು ನೋಡಿ."

"ನಿಧಾನ ಆದ್ರೂ ಸಾಕು," ಅಂದರು ಮಾವ. ಅವರಿಗೆ ನಾಯಿಯ ಮೇಲೆ ಎಷ್ಟು ಪ್ರೀತಿ ಅಂದುಕೊಂಡೆ ನಾನು.

ಪೇದೆ ತೂಗಿದ್ದು ಇಪ್ಪತ್ತು ಕಿಲೋ. ಬೆಳಿಗ್ಗೆ ಮಗಳು ಒಂದು ಚಮಚ, ಸಾಯಂಕಾಲ ನಾನು ಒಂದು ಚಮಚ, ಅನ್ನ ಮೊಟ್ಟೆಯಲ್ಲಿ ಕಲಸಿ ಹಾಕುವುದು ಅಂತಾಯಿತು. ಪುಡಿಗೆ ಕಹಿ ವಾಸನೆ. ಪೇದೆ ಮೂಗು ತಿರುಗಿಸಿ, ಆಮೇಲೆ ವಿಧಿಯಿಲ್ಲದೆ ತಿನ್ನುತ್ತಿತ್ತು. ತಿಂಗಳು ಬರಬೇಕಾದ ಡಬ್ಬಿ. ಎಂಟನೆಯ ದಿನ ಸಾಯಂಕಾಲ ಮುಚ್ಚಳ ತೆಗೆದರೆ ತಳ ಕಾಣುತ್ತಿದೆ.

ಊಟಕ್ಕೆ ಕೂತಾಗ ತಟ್ಟೆಗಳ ನಡುವೆ ಡಬ್ಬಿಯನ್ನು ಕುಕ್ಕಿದೆ.

"ಯಾರು ಇದನ್ನ ಸುರಿದಿದ್ದು?"

"ನನ್ನ ಕೇಳ್ತೀಯಾ? ನಾನು ಒಂದೇ ಚಮಚ ಹಾಕೋದು," ಅಂದಳು ಮಗಳು.

"ಆ ಫೋನ್ ನೋಡ್ಕೊಂಡು ಹಾಕಿದ್ರೆ ಒಂದು ಯಾವುದು, ಹತ್ತು ಯಾವುದು?"

"ನೀನೇ ಹಾಕಿರ್ತೀಯ. ಡ್ಯೂಟಿಯಿಂದ ಬಂದ ಮೇಲೆ ನಿನಗೆ ಕಣ್ಣು ಕಾಣ್ಸತ್ತಾ? ಮೊನ್ನೆ ಸಾರಿಗೆ ಉಪ್ಪು ಎರಡು ಸಲ ಹಾಕಿದ್ದೆ."

"ತಿನ್ನೋ ಬಾಯಿಗೆ ಏನೂ ಕಮ್ಮಿ ಇಲ್ಲ! ನಾಳೆಯಿಂದ ನೀನೇ ಮಾಡು ಸಾರು."

ಮಾವ ತಟ್ಟೆ ನೋಡಿಕೊಂಡೇ ಹೇಳಿದರು, "ಡಬ್ಬಿ ತೂಕದಲ್ಲೇ ಮೋಸ ಇರಬಹುದು. ಅಂಗಡಿಯವನು ಕಡಿಮೆ ತುಂಬಿ ಮಾರಿರ್ತಾನೆ."

ತಕ್ಕಡಿ ಮೇಷ್ಟ್ರ ಬಾಯಿಂದ ಬಂದ ಮಾತು. ಅದಕ್ಕಿಂತ ಪುರಾವೆ ಬೇಕಾ? ಮರುದಿನ ಖಾಲಿ ಡಬ್ಬಿ ಹಿಡಿದುಕೊಂಡು ಪುಡಿ ಕೊಂಡ ಔಷಧಿ ಅಂಗಡಿಗೆ ನುಗ್ಗಿದೆ. ಎರಡು ಮೂರು ಗಿರಾಕಿಗಳ ಎದುರಿಗೇ, ಮೂಕಪ್ರಾಣಿಯ ಹೊಟ್ಟೆ ಮೇಲೆ ಹೊಡೀತೀರಲ್ಲ ಅಂತ ಬಾಯಿಗೆ ಬಂದ ಹಾಗೆ ಅಂದೆ. ಅಂಗಡಿಯವನು ಹೊಸ ಡಬ್ಬಿ ಒಡೆದು, ಕಾಗದದ ಮೇಲೆ ಸುರಿದು, ಮೂಲೆಯ ಸಣ್ಣ ತಕ್ಕಡಿಯಲ್ಲಿಟ್ಟ. ಮುಳ್ಳು ನೆಟ್ಟಗೆ ನಿಂತಿತು. ತೂಕ ಸರಿಯಾಗಿತ್ತು.

"ತಕ್ಕಡಿ ಮೇಲೆ ಅನುಮಾನ ಇದ್ರೆ ಹೇಳಿ ಅಕ್ಕಾ. ಆದ್ರೆ ಇದನ್ನ ಹದ ಮಾಡಿಕೊಟ್ಟಿದ್ದು ನಿಮ್ಮ ಮಾವನೇ," ಅಂದ. ಆಮೇಲೆ ದನಿ ತಗ್ಗಿಸಿ, "ದೊಡ್ಡ ತಕ್ಕಡಿ ಕೆಟ್ಟು ಮೂರು ತಿಂಗಳಾಯ್ತು. ಹೋದ ಸಲ ಬಂದು ಎಲ್ಲಾ ಬಿಚ್ಚಿಟ್ಟು, ಸ್ಕ್ರೂ ಕೈಯಲ್ಲಿ ಹಿಡ್ಕೊಂಡು ನಿಂತೇ ಇದ್ರು. ಆಮೇಲೆ ಬರ್ತೀನಿ ಅಂತ ಹೋದೋರು ಬರಲಿಲ್ಲ. ಹುಷಾರಾಗಿದ್ದಾರಾ?" ಅಂದ.

"ಚೆನ್ನಾಗಿದ್ದಾರೆ," ಅಂದೆ. ಮರ್ಯಾದೆ ಹೋಗಿ ಮುಖ ಸುಡುತ್ತಿತ್ತು, ಅಲ್ಲಿಂದ ಓಡಿದರೆ ಸಾಕಾಗಿತ್ತು. ಅವನ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಹೊಸ ಡಬ್ಬಿ ತೆಗೆದುಕೊಂಡು ಬಂದೆ.

ನಾಲ್ಕು ದಿನ ಕಳೆದಿರಬಹುದು, ಫ್ಯಾಕ್ಟರಿಯಲ್ಲಿ ಮೆಶೀನು ಕೆಟ್ಟು ಮಧ್ಯಾಹ್ನಕ್ಕೇ ಮನೆಗೆ ಕಳಿಸಿದರು. ಬಾಗಿಲು ಬರೀ ಮುಂದೆ ಮಾಡಿತ್ತು. ಒಳಗೆ ಅಡುಗೆಮನೆಯಲ್ಲಿ ಮಾವ ನನಗೆ ಬೆನ್ನು ಹಾಕಿ ನಿಂತಿದ್ದಾರೆ. ಒಂದು, ಎರಡು ಅಂತ ಎಣಿಸಿ ಲೋಟಕ್ಕೆ ಪುಡಿ ಹಾಕುತ್ತಿದ್ದಾರೆ. ಐದಾದ ಮೇಲೆ ಆರನೆಯದನ್ನು ಚಾಕುವಿನ ಬೆನ್ನಿನಿಂದ ಸವರಿ, ಕಾಲು ಭಾಗ ತೆಗೆದು ಡಬ್ಬಿಗೇ ವಾಪಸ್ಸು ಹಾಕಿದರು. ಪೇದೆ ಕಾಲ ಬುಡದಲ್ಲಿ ಕೂತು ಲೋಟವನ್ನೇ ನೋಡುತ್ತಿತ್ತು.

"ಏನೋ ಹಾಗೆ ನೋಡ್ತೀಯ? ನಿಂದು ಬೆಳಿಗ್ಗೆ ಆಯ್ತು, ಸಾಯಂಕಾಲ ಇನ್ನೊಂದಿದೆ. ಇದು ನಂದು," ಅಂತ ಅದಕ್ಕೆ ಹೇಳಿ, ನೀರು ಹಾಕಿ ಕಲಕಿ, ಕಣ್ಣು ಮುಚ್ಚಿ ಗಟಗಟ ಕುಡಿದರು.

"ಮಾವಾ!"

ಬೆಚ್ಚಿ ತಿರುಗಿದರು. ಮೀಸೆಯಲ್ಲೆಲ್ಲ ಹಳದಿ.

"ನಾಯಿ ಪುಡಿ ತಿಂತೀರಾ? ತೂಕದಲ್ಲಿ ಮೋಸ ಅಂದ್ರಲ್ಲ! ನಿಮ್ಮ ಮಾತು ಕಟ್ಕೊಂಡು ಹೋಗಿ ಆ ಅಂಗಡೀಲಿ ನನ್ನ ಮಾನ ಮೂರು ಕಾಸಿಗೆ ಹರಾಜಾಯ್ತು!"

"ಅವನ ಪಾಲು ನಾನು ಮುಟ್ಟಿಲ್ಲಮ್ಮಾ," ಅಂದರು ಮೆಲ್ಲಗೆ. "ಐವತ್ತೇಳೂವರೆ ಕಿಲೋ ಇದ್ದೀನಿ. ಮೈತೂಕಕ್ಕೆ ಸರಿಯಾಗೇ ತಗೊಂಡಿದ್ದೀನಿ. ಜಾಸ್ತಿ ತಗೊಂಡಿಲ್ಲ."

"ಮೈತೂಕನಾ? ನೀವೇನು ನಾಯೀನಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರಲ್ಲ, ಹಾಗೆ ಹೋಯಿತು. ಅವರು ಲೋಟ ತೊಳೆದರು, ಚಮಚ ತೊಳೆದರು, ಎರಡನ್ನೂ ಬೋರಲು ಹಾಕಿದರು. ನನ್ನ ಪಕ್ಕದಿಂದ ಹಾದು ತಮ್ಮ ಕೋಣೆಗೆ ಹೋದರು. ಯಾಕೆ ಕುಡಿದಿರಿ ಅಂತ ನಾನು ಒಂದು ಮಾತು ಕೇಳಲಿಲ್ಲ. ಮುದುಕರಿಗೆ ಟಾನಿಕ್ಕಿನ ಚಟ ಅಂತ ನಾನೇ ತೀರ್ಪು ಕೊಟ್ಟುಬಿಟ್ಟೆ.

ಆ ದಿನ ಸಂಜೆ ಗಂಡ ಫೋನ್ ಮಾಡಿದಾಗ ತರಕಾರಿ ಹೆಚ್ಚುತ್ತ ಸ್ಪೀಕರಿಗೆ ಹಾಕಿ ಎಲ್ಲ ಹೇಳಿದೆ. ಆ ಕಡೆ ಲಾರಿಯ ಸದ್ದಿನ ನಡುವೆ ಅವರು ಬಿದ್ದು ಬಿದ್ದು ನಕ್ಕರು. "ಅಪ್ಪಾಜಿ ಇನ್ನು ಗೇಟಿನ ಹತ್ತಿರ ಬೊಗಳೋದೊಂದು ಬಾಕಿ ಬಿಡೇ!" ಮಗಳೂ ಕಿಸಕ್ಕನೆ ನಕ್ಕಳು. ನನಗೂ ತಡೆಯಲಾಗಲಿಲ್ಲ. ನಮ್ಮ ಮನೆಯಲ್ಲಿ ಮೂರು ಜನ ಒಟ್ಟಿಗೆ ನಕ್ಕು ಎಷ್ಟು ದಿನವಾಗಿತ್ತೋ. ಮಾವನ ಕೋಣೆಗೂ ಅಡುಗೆಮನೆಗೂ ನಡುವೆ ಇರುವುದು ಒಂದು ಪರದೆ ಅಷ್ಟೇ.

ಮರುದಿನದಿಂದ ಮಾವ ತಟ್ಟೆಯನ್ನು ಕೋಣೆಗೆ ತೆಗೆದುಕೊಂಡು ಹೋಗಿ ಉಣ್ಣತೊಡಗಿದರು. ಕರೆದರೆ, "ಇಲ್ಲೇ ಗಾಳಿ ಬರತ್ತಮ್ಮಾ," ಅನ್ನುವರು. ಆ ಕೋಣೆಗೆ ಕಿಟಕಿ ಒಂದಿದೆ, ಅದರ ಎದುರಿಗೆ ಪಕ್ಕದ ಮನೆಯ ಗೋಡೆ. ನಾನು ಪುಡಿಯ ಡಬ್ಬಿಯನ್ನು ಬೀರುವಿನೊಳಗಿಟ್ಟು ಬೀಗ ಹಾಕಿದೆ. ಬೀಗದ ಸದ್ದು ಅವರಿಗೆ ಕೇಳಿಸಲಿ ಅಂತಲೇ ಹಾಕಿದೆ, ಸುಳ್ಳು ಯಾಕೆ ಹೇಳಲಿ.

ಆ ಮೇಲಿನ ವಾರಗಳಲ್ಲಿ ಅವರು ನನ್ನನ್ನು ಕೇಳುತ್ತಿದ್ದದ್ದು ಒಂದೇ ಮಾತು.

"ಪೇದೆಗೆ ಪುಡಿ ಹಾಕಿದ್ಯಾಮ್ಮಾ?"

"ಹಾಕಿದೆ ಮಾವ."

ಹತ್ತು ನಿಮಿಷ ಬಿಟ್ಟು ಮತ್ತೆ, "ಅವನ ಪುಡಿ ಆಯ್ತಾ?"

"ಆಯ್ತು ಅಂದ್ನಲ್ಲ! ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ ನಿಮಗೆ?"

ಬೆಳಿಗ್ಗೆ ರಿಪೇರಿ ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡು, ಪೇದೆಯ ಹಗ್ಗ ಹಿಡಿದು ಹೊರಡುವರು. ಮಧ್ಯಾಹ್ನಕ್ಕೆ ಇಬ್ಬರೂ ವಾಪಸ್ಸು. ಮುಂಚೆಯೆಲ್ಲ ನಾಯಿಯನ್ನು ಕೆಲಸಕ್ಕೆ ಕರೆದುಕೊಂಡು ಹೋದವರಲ್ಲ. ಜೊತೆಗಿರಲಿ ಅಂತಿರಬಹುದು ಅಂದುಕೊಂಡೆ. ಸಂಜೆ ಹೊತ್ತು ಪರದೆಯಾಚೆಯಿಂದ ಅವರ ಮಾತು ಕೇಳಿಸುತ್ತಿತ್ತು, ಎಲ್ಲಾ ಪೇದೆಯ ಹತ್ತಿರ. "ನಾಳೆ ಆ ಎಡಗಡೆ ತಿರುಗ್ಬೇಕು ಕಣೋ, ನೆನಪಿಟ್ಕೋ." ಮಗಳು ಕಿವಿಯ ಗುಂಡಿ ತೆಗೆದು ಒಂದು ಕ್ಷಣ ಕೇಳಿ, "ತಾತ ನಮ್ಮ ಹತ್ರ ಇಷ್ಟು ಮಾತೇ ಆಡಲ್ಲ ಅಲ್ವಾಮ್ಮಾ," ಅಂದಳು. "ನೀನು ಆಡ್ತೀಯಾ?" ಅಂದೆ. ಅವಳು ಗುಂಡಿಯನ್ನು ಮತ್ತೆ ಕಿವಿಗಿಟ್ಟುಕೊಂಡಳು.

ಪೇದೆಗೆ ಗುಣ ಏನೂ ಕಾಣಲಿಲ್ಲ. ಮೊದಲ ಹದಿನೈದು ದಿನ ಸ್ವಲ್ಪ ಚುರುಕಾದ ಹಾಗಿತ್ತು, ಆಮೇಲೆ ಮತ್ತೆ ಮೂಲೆ ಹಿಡಿಯಿತು. ಒಂದು ಬುಧವಾರ ನಾನು ಐದು ಗಂಟೆಗೆ ಮನೆಗೆ ಬಂದರೆ ಮಧ್ಯಾಹ್ನದ ಅನ್ನ ಮುಚ್ಚಿಟ್ಟ ಹಾಗೇ ಇದೆ. ಮಾವನ ಕೋಣೆ ಖಾಲಿ, ಪೇದೆಯೂ ಇಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಹೋದವರು.

ಮಗಳನ್ನು ಒಂದು ದಿಕ್ಕಿಗೆ ಓಡಿಸಿ, ನಾನು ಪೇಟೆ ಕಡೆ ಓಡಿದೆ. ಹಾರ್ಡ್‌ವೇರ್ ಅಂಗಡಿ, ದಿನಸಿ ಅಂಗಡಿ, ಹಳೆ ಪೇಪರಿನವನು, ಅವರು ಕೆಲಸ ಮಾಡುತ್ತಿದ್ದ ಕಡೆಯೆಲ್ಲ ಕೇಳಿದೆ. ಎಲ್ಲ ಕಡೆ ಒಂದೇ ಉತ್ತರ: ಮೇಷ್ಟ್ರಾ? ಅವರು ಬರದೇ ತಿಂಗಳುಗಳಾಯ್ತಲ್ಲ. ಹಾಗಾದರೆ ದಿನಾ ಚೀಲ ಹೊತ್ತು ಎಲ್ಲಿಗೆ ಹೋಗುತ್ತಿದ್ದರು? ನಾಲ್ಕನೆಯ ಅಂಗಡಿಯ ಮುಂದೆ ನಿಂತು ಅತ್ತುಬಿಟ್ಟೆ. ಆಗ ಮಗಳ ಫೋನ್ ಬಂತು.

"ಸಿಕ್ಕಿದ್ರು ಅಮ್ಮ. ಬಸ್ ಡಿಪೋ ಹಿಂದಿನ ರಸ್ತೇಲಿ. ಬೇಗ ಬಾ."

ನಮ್ಮ ಮನೆಯಿಂದ ಮೂರೇ ಬೀದಿ. ಡಿಪೋದ ಕಾಂಪೌಂಡಿಗೆ ಮುಖ ಮಾಡಿ ಪೇದೆ ನಿಂತಿತ್ತು. ಹಗ್ಗ ಸಡಿಲವಾಗಿ ಹಿಡಿದು ಮಾವ ಫುಟ್‌ಪಾತಿನ ಮೇಲೆ ಕೂತಿದ್ದರು. ತುಟಿ ಒಣಗಿತ್ತು. ಮಗಳು ನೀರಿನ ಬಾಟಲಿ ಹಿಡಿದು ಅವರ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು, ಕಿವಿಯಲ್ಲಿ ಏನೂ ಇರಲಿಲ್ಲ.

"ನಡೆಯೋ, ಮನೆಗೆ ಹೋಗೋಣ, ನಡೆಯೋ ಅಂತ ಹೇಳ್ತಾನೇ ಇದ್ರಂತೆ. ಪಂಕ್ಚರ್ ಅಂಗಡಿಯವರು ಹೇಳಿದ್ರು," ಅಂದಳು.

"ಯಾರನ್ನಾದ್ರೂ ದಾರಿ ಕೇಳಬಾರದಾ ಮಾವ?"

"ಏನಂತ ಕೇಳಲಿ?" ಅಂದರು. "ಐವತ್ತು ವರ್ಷ ಓಡಾಡಿದ ಪೇಟೆ. ನಮ್ಮನೆ ಎಲ್ಲಿ ಅಂತ ಕೇಳಲಾ? ಇಷ್ಟು ದಿನ ಇವನು ಹಿಡಿದ ದಾರೀಲೇ ಬರ್ತಿದ್ದೆ. ಇವತ್ತು ಇವನೂ ನಿಂತುಬಿಟ್ಟ."

ಆ ಐದೂ ಮುಕ್ಕಾಲು ಚಮಚ ಯಾಕೆ ಅಂತ ನನಗೆ ಆಗ ಹೊಳೆಯಿತು. ಸಂಕಟವಾಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಂಗಡಿಯವನು ಬಿಡಿಸಿ ಹೇಳಿದ್ದ. ದಿನಾ ಎರಡೆರಡು ಸಲ ಅದೇ ಪ್ರಶ್ನೆ ಕೇಳಿದಾಗಲಾದರೂ ತಿಳಿಯಬೇಕಿತ್ತು. ಮಗಳು ಪೇದೆಯನ್ನು ಎತ್ತಿಕೊಂಡಳು, ನಾನು ಮಾವನ ಕೈ ಹಿಡಿದೆ. ಮದುವೆಯಾಗಿ ಹದಿನೆಂಟು ವರ್ಷ, ಅವರ ಕೈ ಹಿಡಿದದ್ದು ಅದೇ ಮೊದಲು. ಹಗುರವಾಗಿತ್ತು, ಒರಟಾಗಿತ್ತು.

ಸುದ್ದಿ ಕೇಳಿ ಗಂಡ ಲಾರಿಯನ್ನು ಬೇರೆಯವರಿಗೆ ಒಪ್ಪಿಸಿ ಬಂದರು. ಅಪ್ಪನ ಕೋಣೆಗೆ ಹೋಗಿ ಮಂಚದ ತುದಿಯಲ್ಲಿ ಕೂತರು.

"ಅಪ್ಪಾಜಿ, ಅವತ್ತು ಫೋನಲ್ಲಿ ಏನೋ ತಮಾಷೆಗೆ..."

"ಯಾವತ್ತು?" ಅಂದರು ಮಾವ. ನಿಜವಾಗಲೂ ಮರೆತಿದ್ದರೋ, ಮಗನಿಗೆ ಬೇಜಾರಾಗದಿರಲಿ ಅಂತಲೋ, ಅದು ಇವತ್ತಿಗೂ ನಮಗೆ ಗೊತ್ತಿಲ್ಲ. ಗಂಡ ಹೊರಗೆ ಬಂದು ನಲ್ಲಿ ತಿರುಗಿಸಿ ಬಹಳ ಹೊತ್ತು ಮುಖ ತೊಳೆದರು.

ಬೀರುವಿನ ಬೀಗ ತೆಗೆದು ಡಬ್ಬಿಯನ್ನು ಅಡುಗೆಮನೆಯ ಶೆಲ್ಫಿನಲ್ಲಿಟ್ಟೆ. ಮಾವ ಅದನ್ನು ಮುಟ್ಟಲಿಲ್ಲ. ಶನಿವಾರ ಆಸ್ಪತ್ರೆಗೆ ಹೋದೆವು, ನಾಲ್ಕೂ ಜನ. ಡಾಕ್ಟರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಸಮಾಧಾನದ ಮನುಷ್ಯ. ಪುಡಿಯ ವಿಷಯ ಹೇಳಿದೆ. ಪ್ರಾಣಿಗಳ ಔಷಧಿ ಮನುಷ್ಯರು ತಗೋಬಾರದು, ರಕ್ತ ಪರೀಕ್ಷೆ ಮಾಡಿ ನೋಡೋಣ ಅಂದರು. ನಗಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ಮರೆವು ಯಾವಾಗಿಂದ ಶುರುವಾಯ್ತು?"

ನಾನು ಗಂಡನನ್ನು ನೋಡಿದೆ. ಗಂಡ ಮಗಳನ್ನು ನೋಡಿದರು.

"ನಿದ್ದೆ ಹೇಗೆ ಮಾಡ್ತಾರೆ? ಊಟ? ದಿನಾ ಯಾರ ಜೊತೆ ಮಾತಾಡ್ತಾರೆ?"

"ನಾಯಿ ಜೊತೆ," ಅಂದಳು ಮಗಳು. ಡಾಕ್ಟರು ಅದನ್ನು ಬರೆದುಕೊಂಡರು. ಉಳಿದ ಸಾಲುಗಳನ್ನು ಖಾಲಿ ಬಿಟ್ಟರು.

ಗಂಡ, ಮಗಳು ಔಷಧಿ ತರಲು ಸಾಲಿನಲ್ಲಿ ನಿಂತರು. ನಾನು, ಮಾವ ವರಾಂಡದ ಬೆಂಚಿನ ಮೇಲೆ ಕೂತೆವು. ಅವರು ಹತ್ತಿ ಅಂಟಿಸಿದ ತೋಳನ್ನು ಮಡಚಿ ಹಿಡಿದು ಎದುರಿನ ಗೋಡೆ ನೋಡುತ್ತಿದ್ದರು. ಇನ್ನು ತಡೆಯಲಾಗಲಿಲ್ಲ ನನಗೆ.

"ಮಾವ, ನಾನು ಬಾಯಿಬಡುಕಿ, ಒಪ್ತೀನಿ. ಆದ್ರೂ ಇಷ್ಟೆಲ್ಲ ಒಬ್ಬರೇ ನುಂಗ್ಕೊಂಡು ಇರೋ ಬದಲು, ನನಗೆ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ನಲ್ಲಮ್ಮಾ."

"ಯಾವಾಗ?"

"ಮೊದಲನೇ ದಿನಾನೇ. ಅವತ್ತು ನೀನು ಕುಕ್ಕರ್ ಉಜ್ತಾ ಇದ್ದೆ, ಹಸಿರು ಸೀರೆ ಉಟ್ಟಿದ್ದೆ. ಬಾಗಿಲಲ್ಲೇ ನಿಂತು ಹೇಳಿದೆ, ಇವತ್ತು ನನಗೆ ಮನೆ ದಾರಿ ತಪ್ಪಿಹೋಯ್ತು ಕಣಮ್ಮಾ, ಭಯ ಆಯ್ತು ಅಂತ." ಅವರ ದನಿಯಲ್ಲಿ ದೂರು ಇರಲಿಲ್ಲ. ಸಾಕ್ಷಿ ಹೇಳುವವರ ಹಾಗೆ ಒಂದೊಂದೇ ಹೇಳಿದರು. "ನೀನು, ಹೂಂ, ಚಪ್ಪಲಿ ಹೊರಗೆ ಬಿಟ್ಟು ಬನ್ನಿ, ಈಗಷ್ಟೇ ಒರೆಸಿದ್ದೀನಿ ಅಂದೆ. ನಾನು ಹೊರಗೆ ಬಿಟ್ಟು ಬಂದೆ."

ಹಸಿರು ಸೀರೆ ಇದೆ ನನ್ನ ಹತ್ತಿರ. ಕುಕ್ಕರ್ ದಿನಾ ಉಜ್ಜುತ್ತೇನೆ. ಅವರ ತೋಳಿನ ಹತ್ತಿ ಜಾರದ ಹಾಗೆ ಒತ್ತಿ ಹಿಡಿದುಕೊಂಡು ನಾನು ಎಷ್ಟು ಹೊತ್ತು ಯೋಚಿಸಿದರೂ ಆ ದಿನ ನನಗೆ ನೆನಪಾಗಲಿಲ್ಲ.